ಎತ್ತಿಗೆ ಹಲ್ಲು, ಕಾರಿಗೆ ಬ್ಯಾಟರಿ

ಹಳೆಯ ವಿದ್ಯುತ್ ಕಾರನ್ನು ಹುಡುಕಿ ಹೊರಟ ಒಂದು ಸಂಸಾರದ ಮೂರು ತಿಂಗಳ ಅನುಭವ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಮೊದಲು ಮಾಡುವ ಕೆಲಸವೆಂದರೆ ಅದರ ತುಟಿಯನ್ನು ಮೇಲೆತ್ತಿ ಹಲ್ಲನ್ನು ಎಣಿಸುವುದು. ಕೊಂಬಿಗೆ ಬಣ್ಣ ಬಳಿದಿರಬಹುದು, ಕೊರಳಿಗೆ ಗೆಜ್ಜೆ ಕಟ್ಟಿರಬಹುದು, ಮೈಗೆ ಎಣ್ಣೆ ತಿಕ್ಕಿ ಮಿರುಗಿಸಿರಬಹುದು; ಹಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ. ನಮ್ಮ ತಾತ ಈ ವಿದ್ಯೆಯಲ್ಲಿ ಪಳಗಿದವರು. ಅವರ ಮೊಮ್ಮಗನಾದ ನಾನಾದರೋ ಬೆಂಗಳೂರಿನಲ್ಲಿ ಕುಳಿತು ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದವನು. ಎತ್ತಿನ ಬಾಯಿಗೆ ಕೈ ಹಾಕುವ ಧೈರ್ಯವಾಗಲಿ ಅಗತ್ಯವಾಗಲಿ ನನಗೆ ಎಂದೂ ಬಂದಿರಲಿಲ್ಲ. ೨೦೨೫ರ ಮಳೆಗಾಲದಲ್ಲಿ ಹಳೆಯ ವಿದ್ಯುತ್ ಕಾರೊಂದನ್ನು ಕೊಳ್ಳಬೇಕಾಗಿ ಬಂದಾಗ, ತಾತನಿಂದ ಆ ವಿದ್ಯೆಯನ್ನು ಕಲಿಯದೆ ಹೋದೆನಲ್ಲಾ ಎಂದು ಹಲವು ಸಲ ಮರುಗಿದೆ.

ಕೊಳ್ಳಬೇಕಾಗಿ ಬಂದದ್ದೇಕೆಂಬುದನ್ನು ಮೊದಲೇ ಅರಿಕೆ ಮಾಡುತ್ತೇನೆ. ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಮೂತ್ರಪಿಂಡಗಳು ಸೋತಿರುವುದರಿಂದ ವಾರಕ್ಕೆ ಮೂರು ದಿನ ಅವರಿಗೆ ಡಯಾಲಿಸಿಸ್ ಆಗಬೇಕು. ರಾಜರಾಜೇಶ್ವರಿನಗರದ ನಮ್ಮ ಮನೆಯಿಂದ ಜಯನಗರದ ಆಸ್ಪತ್ರೆಗೆ ಸುಮಾರು ೧೨ ಕಿಲೋಮೀಟರು. ಬೆಳಗಿನ ಆರು ಗಂಟೆಯ ಸರದಿ ನಮ್ಮದು. ಐದೂಕಾಲಿಗೆ ಮನೆ ಬಿಡಬೇಕು. ನಮ್ಮಲ್ಲಿದ್ದ ಪೆಟ್ರೋಲ್ ಕಾರು ಹದಿನೈದು ವರ್ಷ ದುಡಿದು ಗುಜರಿಯ ದಾರಿ ಹಿಡಿದಿತ್ತು. ಆಟೋರಿಕ್ಷಾದವರು ಬರುತ್ತೇನೆಂದು ಒಪ್ಪಿಕೊಂಡು, ಹತ್ತು ನಿಮಿಷದ ಮೇಲೆ ಬರಲೊಲ್ಲೆನೆನ್ನುವುದು ನಗರದವರಿಗೆ ಹೊಸದಲ್ಲ. ಜೂನ್ ತಿಂಗಳ ಒಂದು ಬೆಳಗು ತಾಯಿಯವರು ಶಾಲು ಹೊದ್ದು, ಗೇಟಿನ ಬಳಿ, ಜಿಟಿಜಿಟಿ ಮಳೆಯಲ್ಲಿ ನಲವತ್ತು ನಿಮಿಷ ಕುಳಿತರು. ಆಸ್ಪತ್ರೆ ಸೇರುವಷ್ಟರಲ್ಲಿ ಸರದಿ ಬೇರೊಬ್ಬರಿಗೆ ಹೋಗಿತ್ತು. ಮರುದಿನದವರೆಗೆ ಅವರ ಕಾಲು ಊದಿಕೊಂಡಿದ್ದುದನ್ನು ನೋಡಿದ ನಮ್ಮ ಮನೆಯಾಕೆ, “ಇನ್ನು ಕಾರಿಲ್ಲದೆ ಆಗದು” ಎಂದಳು.

ವಿದ್ಯುತ್ ಕಾರೇ ಏಕೆ? ಇದಕ್ಕೆ ಉತ್ತರ ನನ್ನ ಲೆಕ್ಕದ ಪುಸ್ತಕದಲ್ಲಿತ್ತು. ಆಸ್ಪತ್ರೆ, ಮನೆಯಾಕೆಯ ಶಾಲೆ, ಸಂತೆ, ಸಂಬಂಧಿಕರು ಎಲ್ಲ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರು. ಪೆಟ್ರೋಲಾದರೆ ಕಿಲೋಮೀಟರಿಗೆ ಏಳೆಂಟು ರೂಪಾಯಿ. ಮನೆಯ ವಿದ್ಯುತ್ತಾದರೆ ಒಂದು, ಹೆಚ್ಚೆಂದರೆ ಒಂದೂಕಾಲು. ಉಳಿಯುವ ಹಣ ತಾಯಿಯವರ ತಿಂಗಳ ಔಷಧಿಗೆ ಸಾಕು. ಆದರೆ ಕೈಯಲ್ಲಿದ್ದದ್ದು ಎಂಟು ಲಕ್ಷ. ಅದೂ ಮಗಳ ಮುಂದಿನ ಓದಿಗೆಂದು ಅಂಚೆ ಕಚೇರಿಯಲ್ಲಿ ಇಟ್ಟಿದ್ದ ಹಣ. “ಅಜ್ಜಿಗೆ ಮೊದಲು ಕಾರು ತನ್ನಿ ಅಪ್ಪ, ನನ್ನ ಓದಿಗೆ ಬ್ಯಾಂಕಿನವರಿದ್ದಾರೆ” ಎಂದು ಅವಳೇ ಹೇಳಿದಳು. ಹಾಗೆ ಹೇಳಿಬಿಟ್ಟದ್ದರಿಂದಲೇ ಆ ಹಣದಲ್ಲಿ ಒಂದು ರೂಪಾಯಿ ಪೋಲಾಗುವುದೂ ನನಗೆ ಅಸಹನೀಯವಾಗಿತ್ತು.

ಆ ಬೆಲೆಗೆ ಹೊಸ ಕಾರೇ ಸಿಕ್ಕುವುದಲ್ಲ ಎನ್ನುವವರು ಇದ್ದಾರೆ; ನಮ್ಮ ಭಾವಮೈದುನನೂ ಹಾಗೆಯೇ ಹೇಳಿದನು. ೨೦೨೨ರಲ್ಲಿ ಬಂದ ಟಿಯಾಗೊ, ೨೦೨೩ರಲ್ಲಿ ಬಂದ ಕಾಮೆಟ್ ಎರಡನ್ನೂ ನೋಡಿದೆವು. ಕಾಮೆಟ್ಟಿಗೆ ಎರಡೇ ಬಾಗಿಲು. ಹಿಂದಿನ ಆಸನಗಳನ್ನು ಮಡಿಚದೆ ಗಾಲಿಕುರ್ಚಿಗೆ ಜಾಗವಿಲ್ಲ. ಟಿಯಾಗೊ ಅಚ್ಚುಕಟ್ಟಾದ ಕಾರು. ಆದರೆ ಅದರ ಆಸನ ತಗ್ಗು. ತಾಯಿಯವರು ಅದರೊಳಗೆ ಇಳಿದು ಕುಳಿತರು, ಮೇಲೇಳುವಾಗ ಮೊಣಕಾಲು ಸಹಕರಿಸಲಿಲ್ಲ. ಷೋರೂಮಿನ ಹುಡುಗನೂ ನಾನೂ ಕೂಡಿ ಎತ್ತಿ ನಿಲ್ಲಿಸಿದೆವು. “ವಾರಕ್ಕೆ ಆರು ಸಲ ಈ ಉತ್ಸವ ಬೇಡಪ್ಪ” ಎಂದರು ತಾಯಿಯವರು. ಅಲ್ಲಿಗೆ ಆಸನ ಎತ್ತರವಿರುವ ಕಾರೇ ಬೇಕೆಂಬುದು ನಿಶ್ಚಯವಾಯಿತು. ಅಂತಹವು ಹೊಸದಾದರೆ ನಮ್ಮ ಕೈಗೆ ಎಟುಕವು, ಆದುದರಿಂದ ಹಳೆಯದು.

ಸರಕಿಲ್ಲದ ಸಂತೆ

ಹುಡುಕತೊಡಗಿದ ಮೇಲೆ ತಿಳಿಯಿತು, ನಾವು ಸರಕಿಲ್ಲದ ಸಂತೆಗೆ ಬಂದಿದ್ದೇವೆಂದು. ಹಳೆಯ ಪೆಟ್ರೋಲ್ ಕಾರು ಬೇಕೆಂದರೆ ಬೆಂಗಳೂರಿನಲ್ಲಿ ಬೀದಿಗೊಂದು ಅಂಗಡಿ, ಅಂಗಡಿಗೆ ಮೂವತ್ತು ನಲವತ್ತು ಕಾರು. ವಿದ್ಯುತ್ ಕಾರೆಂದೊಡನೆ ಅಂಗಡಿಯವರು ಮುಗುಳುನಕ್ಕು, “ಬಂದರೆ ಹೇಳುತ್ತೇವೆ ಸಾರ್, ನಂಬರ್ ಕೊಟ್ಟು ಹೋಗಿ” ಎನ್ನುತ್ತಿದ್ದರು. ಒಂದು ವಾರ ಕಳೆದು ಕೇಳಿದರೆ, “ಬಂದಿತ್ತು, ಅಂದೇ ಸಂಜೆ ಹೋಯಿತು.”

ಕಾರಣವು ಯೋಚಿಸಿದರೆ ಸರಳವಾದುದು. ಹಳೆಯ ಕಾರುಗಳನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ. ಇಂದು ಐದು ವರ್ಷದ ಕಾರು ಬೇಕೆಂದರೆ ಅದು ಐದು ವರ್ಷದ ಹಿಂದೆ ಹೊಸದಾಗಿ ಮಾರಾಟವಾಗಿರಬೇಕು. ಟಾಟಾದವರ ನೆಕ್ಸಾನ್, ಎಂ.ಜಿ.ಯವರ ಜ಼ೆಡ್.ಎಸ್. ಎಂಬ ವಿದ್ಯುತ್ ಕಾರುಗಳು ಪೇಟೆಗೆ ಬಂದದ್ದೇ ೨೦೨೦ರ ಜನವರಿಯಲ್ಲಿ. ಆ ವರ್ಷ ಇಡೀ ದೇಶದಲ್ಲಿ ಮಾರಾಟವಾದ ವಿದ್ಯುತ್ ಕಾರುಗಳು ಕೆಲವೇ ಸಾವಿರ. ೨೦೨೪ರ ಹೊತ್ತಿಗೆ ಆ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಏರಿತೆನ್ನುವುದು ನಿಜವೇ. ಆದರೆ ಆ ಲಕ್ಷ ಕಾರುಗಳು ಹಳೆಯವಾಗಿ ನಮ್ಮಂಥವರ ಕೈಗೆ ಬರಲು ಇನ್ನೂ ಕೆಲವು ವರ್ಷ ಕಾಯಬೇಕು. ಮೊದಮೊದಲು ಕೊಂಡವರು ತಾನೇ ಏಕೆ ಮಾರಿಯಾರು? ಪೆಟ್ರೋಲಿನ ಹಣ ಉಳಿಯುತ್ತಿದೆ, ಬ್ಯಾಟರಿಗೆ ಎಂಟು ವರ್ಷದ ಭರವಸೆಯಿದೆ. ಮಾವಿನ ಮರ ಫಲ ಕೊಡುತ್ತಿರುವಾಗ ಕಡಿಯುವವರುಂಟೇ!

ವಿಪರ್ಯಾಸವೆಂದರೆ ವಿದ್ಯುತ್ ಕಾರು ಈ ಊರಿಗೆ ಹೊಸದಲ್ಲ. ಬೆಂಗಳೂರಿನ ಮೈನಿ ಬಳಗವು ಅಮೆರಿಕದ ಸಂಸ್ಥೆಯೊಂದರೊಡನೆ ಕೂಡಿ ೧೯೯೪ರಲ್ಲಿ ಕಂಪನಿ ಕಟ್ಟಿ, ೨೦೦೧ರಲ್ಲಿ ‘ರೇವಾ’ ಎಂಬ ಪುಟ್ಟ ಕಾರನ್ನು ಮಾರಾಟಕ್ಕೆ ತಂದಿತು. ಅದು ‘ಜಿ-ವಿಜ಼್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ೨೦೧೦ರಲ್ಲಿ ಕಂಪನಿ ಮಹೀಂದ್ರಾದವರ ವಶವಾಯಿತು. “ಅರವತ್ತು ಸಾವಿರಕ್ಕೆ ರೇವಾ ಒಂದಿದೆ, ಬೇಕೇ?” ಎಂದು ಪರಿಚಿತರೊಬ್ಬರು ಕೇಳಿದಾಗ ಆಸೆಯಿಂದಲೇ ನೋಡಹೋದೆ. ಆಸನದಡಿಯಲ್ಲಿ ಸೀಸದ ಎಂಟು ಬ್ಯಾಟರಿಗಳು, ಎಂಟೂ ಸತ್ತಿದ್ದುವು. ಹೊಸದಾಗಿದ್ದಾಗಲೇ ೮೦ ಕಿಲೋಮೀಟರು ಓಡುತ್ತಿದ್ದ ಕಾರದು. ಬಾಲ್ಯದ ಗೆಳೆಯನನ್ನು ಆಸ್ಪತ್ರೆಯಲ್ಲಿ ನೋಡಿಬಂದಂತೆ ಅದನ್ನು ನೋಡಿ ಹಿಂದಿರುಗಿದೆ.

ಸರಕು ಕಡಿಮೆಯಾದಾಗ ಹಳೆಯದಕ್ಕೆ ಹೊಸದರ ಬೆಲೆ ಬರುವುದು ನಮ್ಮ ದೇಶಕ್ಕೆ ಹೊಸ ಸಂಗತಿಯೇನೂ ಅಲ್ಲ. ನಮ್ಮ ತಂದೆಯವರ ಕಾಲದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕಾಯಲಾರದವರು ಒಂದೆರಡು ವರ್ಷ ಓಡಿದ ಸ್ಕೂಟರನ್ನೇ ಹೊಸದಕ್ಕಿಂತ ಹೆಚ್ಚು ಬೆಲೆಗೆ ಕೊಳ್ಳುತ್ತಿದ್ದರು. ಆ ಕಾಲದಲ್ಲಿ ದಲ್ಲಾಳಿಗಳು ಕೊಳ್ಳುವವರಿಗೆ ಹೇಳುತ್ತಿದ್ದ ಮಾತು ಒಂದೇ: “ಇವತ್ತು ಬಿಟ್ಟರೆ ನಾಳೆ ಸಿಕ್ಕದು.” ಅರವತ್ತು ವರ್ಷ ಕಳೆದರೂ ಆ ಮಾತು ಬದಲಾಗಿಲ್ಲವೆಂಬುದು ಆಗಸ್ಟ್ ತಿಂಗಳಲ್ಲಿ ನನ್ನ ಅನುಭವಕ್ಕೆ ಬಂದಿತು.

ಮಿರುಗುವ ಬಿಳಿಯ ಕಾರು

ಅಂಗಡಿಯ ಹೆಸರು ಬೇಡ, ಕಾರಿನದೂ ಬೇಡ. ಬಿಳಿಯ ಬಣ್ಣ, ನಾಲ್ಕು ವರ್ಷದ ಪ್ರಾಯ, ಮೀಟರಿನಲ್ಲಿ ೪೮,೦೦೦ ಕಿಲೋಮೀಟರು. ಒಳಗೆ ಮಲ್ಲಿಗೆಯ ಪರಿಮಳ ಸಿಂಪಡಿಸಿದ್ದರು. ಕೀಲಿ ತಿರುವಿದೊಡನೆ ‘ಬ್ಯಾಟರಿ ೧೦೦’ ಎಂದು ಹಸಿರಕ್ಷರ ಮೂಡಿತು. “ನೋಡಿ ಸಾರ್, ನೂರಕ್ಕೆ ನೂರು! ಹೊಸ ಕಾರಿನಲ್ಲೂ ಇದಕ್ಕಿಂತ ಹೆಚ್ಚು ತೋರಿಸುವುದಿಲ್ಲ” ಎಂದನು ಅಂಗಡಿಯ ತರುಣ. ಏಳೂಮುಕ್ಕಾಲು ಲಕ್ಷ. ಮರುದಿನ ಸಂಜೆಯೊಳಗೆ ಐವತ್ತು ಸಾವಿರ ಮುಂಗಡ ಕೊಡದಿದ್ದರೆ ಹೊಸೂರಿನಿಂದ ಬರುವವರು ಒಯ್ಯುತ್ತಾರೆ. ತಾಯಿಯವರು ಹತ್ತಿ ಕುಳಿತು, ಯಾರ ನೆರವೂ ಇಲ್ಲದೆ ಇಳಿದರು. ಆರು ವಾರದಿಂದ ಅಲೆದಿದ್ದ ನನಗೆ ಅಷ್ಟು ಸಾಕಾಗಿತ್ತು. ಹಣ ಕಳುಹಿಸಲು ಫೋನನ್ನು ಕೈಗೆ ತೆಗೆದುಕೊಂಡೂ ಆಗಿತ್ತು.

ಅಷ್ಟರಲ್ಲಿ ಮನೆಯಾಕೆ ಮುಂದಿನ ಪೆಟ್ಟಿಗೆಯನ್ನು ತೆರೆದು, ಅದರ ತಳದ ಕಾಗದಗಳನ್ನು ಹೊರಗೆಳೆದಳು. ಯಾವ ಮನೆಗೆ ಹೋದರೂ ಅಡಿಗೆಮನೆಯ ಮೂಲೆಯನ್ನು ನೋಡದೆ ಬಾರದವಳು ಅವಳು. ಮಡಿಚಿ ಮಾಸಿದ ರಿಪೇರಿ ಬಿಲ್ಲೊಂದು ಅಲ್ಲಿ ಸಿಕ್ಕಿತು. ಹತ್ತು ತಿಂಗಳ ಹಿಂದಿನದು. ಕಾರಿನ ಸಂಖ್ಯೆ ಅದೇ. ಓಡಿದ ದೂರದ ಅಂಕಣದಲ್ಲಿ ಬರೆದಿದ್ದದ್ದು ೧,೧೮,೪೨೦.

“ರೀ, ಇದರಲ್ಲಿ ಒಂದು ಲಕ್ಷದ ಹದಿನೆಂಟು ಸಾವಿರ ಎಂದಿದೆ. ಕಾರು ಹಿಂದಕ್ಕೆ ಓಡಿದರೆ ಮೀಟರೂ ಇಳಿಯುತ್ತದೆಯೇ?” ಎಂದು ಅವಳು ಕೇಳಿದಳು. ವ್ಯಂಗ್ಯವೋ ನಿಜವಾದ ಸಂದೇಹವೋ ನನಗೆ ಈಗಲೂ ತಿಳಿಯದು. ತರುಣನು ಬಿಲ್ಲು ಬೇರೆ ಕಾರಿನದಿರಬೇಕೆಂದ. ಸಂಖ್ಯೆ ತೋರಿಸಿದಾಗ ಬರೆದವರ ಕೈತಪ್ಪೆಂದ. ಕಡೆಗೆ ಯಜಮಾನರನ್ನು ಕೇಳಿ ಬರುತ್ತೇನೆಂದು ಒಳಗೆ ಹೋದ. ಅಷ್ಟರಲ್ಲಿ ಮಗಳು ನೋಂದಣಿ ಪತ್ರವನ್ನು ಓದಿ ಮುಗಿಸಿದ್ದಳು. ನಾವು ಮೂರನೆಯ ಒಡೆಯರಾಗಲಿದ್ದೆವು. ಮೊದಲ ಒಡೆತನ ಒಂದು ಟ್ಯಾಕ್ಸಿ ಸಂಸ್ಥೆಯದು.

ಇಲ್ಲಿ ವಾಚಕರಿಗೆ ಒಂದು ಸೂಚನೆ. ವಿದ್ಯುತ್ ವಾಹನಗಳಿಗೆಲ್ಲ ಹಸಿರು ಫಲಕವೆಂಬುದು ಎಲ್ಲರಿಗೂ ಗೊತ್ತು. ಆ ಹಸಿರಿನ ಮೇಲೆ ಅಕ್ಷರಗಳು ಬಿಳಿಯವಾದರೆ ಅದು ಮನೆಯ ಕಾರು, ಹಳದಿಯವಾದರೆ ಬಾಡಿಗೆಯ ಕಾರು. ಟ್ಯಾಕ್ಸಿಯನ್ನು ಕ್ರಮಬದ್ಧವಾಗಿ ಮನೆಯ ಕಾರಾಗಿ ಪರಿವರ್ತಿಸಿ ಮಾರುವುದು ಅಪರಾಧವಲ್ಲ. ಹೇಳಿ ಮಾರಿದರೆ ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳುವವರೂ ಇದ್ದಾರೆ. ಆದರೆ ಟ್ಯಾಕ್ಸಿಯಾಗಿ ದುಡಿದ ಕಾರು ಹಗಲಿರುಳು ಓಡಿ, ದಿನಕ್ಕೆ ಎರಡು ಮೂರು ಸಲ ವೇಗದ ಯಂತ್ರದಲ್ಲಿ ವಿದ್ಯುತ್ ತುಂಬಿಸಿಕೊಂಡಿರುತ್ತದೆ. ಬ್ಯಾಟರಿಗೆ ಶಾಖವೇ ಶತ್ರು. ಆತುರದ ಊಟ ಮನುಷ್ಯನ ಹೊಟ್ಟೆಗೆ ಹೇಗೋ ವೇಗದ ತುಂಬಿಕೆ ಬ್ಯಾಟರಿಗೆ ಹಾಗೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ನೆಕ್ಸಾನ್ ಮುಂತಾದವುಗಳ ಬ್ಯಾಟರಿಗೆ ಕೊಟ್ಟ ಭರವಸೆ ಎಂಟು ವರ್ಷ ಅಥವಾ ೧,೬೦,೦೦೦ ಕಿಲೋಮೀಟರು, ಯಾವುದು ಮೊದಲೋ ಅದು. ಮೀಟರನ್ನು ತಿರುಗಿಸಿದವನು ದೂರವನ್ನಷ್ಟೇ ಕದ್ದಿರುವುದಿಲ್ಲ, ಭರವಸೆಯನ್ನೂ ಕದ್ದಿರುತ್ತಾನೆ. ನಾಳೆ ಬ್ಯಾಟರಿ ಕೆಟ್ಟರೆ ಕಂಪನಿಯವರು ತಮ್ಮ ದಾಖಲೆಯನ್ನು ನೋಡಿ ಕೈ ಆಡಿಸುತ್ತಾರೆ. ಹೊಸ ಬ್ಯಾಟರಿಗೆ ಹಲವು ಲಕ್ಷ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೋಸ ಹೋಗಲಿದ್ದೆನೆಂಬುದಕ್ಕಿಂತ, ಮೋಸ ಹೋಗಲು ನಾನೇ ಎಷ್ಟು ಆತುರಪಟ್ಟಿದ್ದೆನೆಂಬುದು ಹೆಚ್ಚು ನೋಯಿಸಿತು.

ಸವೆದ ಸೇರು

ಮರುದಿನ ಮಗಳು ಒಂದು ಕಾಗದ ಹಿಡಿದು ಕುಳಿತಳು. ಇಂಜಿನಿಯರಿಂಗ್ ಓದಿದವಳು, ನನಗೆ ತಿಳಿಯುವಂತೆ ಹೇಳಿದಳು. ಅವಳ ವಿವರಣೆಯನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ.

ಹಿಂದೆ ಅಕ್ಕಿ ಅಳೆಯುತ್ತಿದ್ದ ಸೇರು ನಮ್ಮ ಮನೆಯಲ್ಲಿ ಇನ್ನೂ ಇದೆ. ಆ ಸೇರನ್ನು ಒಳಗಿನಿಂದ ಅಂಟು ಬಳಿದು ಚಿಕ್ಕದು ಮಾಡಿದರೂ ಅಕ್ಕಿ ಅಂಚಿನವರೆಗೆ ತುಂಬಿಯೇ ತುಂಬುತ್ತದೆ. ಕಾರಿನ ಫಲಕದಲ್ಲಿ ಮೂಡುವ ‘ನೂರು’ ಹೇಳುವುದು ಸೇರು ತುಂಬಿದೆ ಎಂಬುದನ್ನು ಮಾತ್ರ. ಸೇರು ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದೇ ಇಲ್ಲ. ವರ್ಷಗಳು ಕಳೆದಂತೆ ಬ್ಯಾಟರಿ ಎಂಬ ಸೇರು ಒಳಗಿಂದೊಳಗೆ ಕಿರಿದಾಗುತ್ತ ಬರುತ್ತದೆ. ಎಷ್ಟು ಕಿರಿದಾಗಿದೆಯೆಂಬುದನ್ನು ಕಂಪನಿಯ ದುರಸ್ತಿ ಕೇಂದ್ರದವರು ಯಂತ್ರ ಜೋಡಿಸಿ ಓದಿ, ‘ಬ್ಯಾಟರಿಯ ಆರೋಗ್ಯ ಇಷ್ಟು’ ಎಂದು ಬರೆದುಕೊಡಬಲ್ಲರು. ಕೊಳ್ಳುವವರು ಆ ಕಾಗದವನ್ನು ಕೇಳಲೇಬೇಕು.

ಕಾಗದ ಸಿಕ್ಕದಿದ್ದರೆ? ಆಗಲೂ ಒಂದು ಉಪಾಯವುಂಟು. ಅದಕ್ಕೆ ಬೇಕಾದುದು ವಿದ್ಯುತ್ ಮೀಟರೊಂದು, ಒಂದು ರಾತ್ರಿಯ ತಾಳ್ಮೆ. ಮೊದಲು ಬಂದ ನೆಕ್ಸಾನಿನ ಬ್ಯಾಟರಿ ಹೊಸದಾಗಿದ್ದಾಗ ೩೦.೨ ಯೂನಿಟ್ಟು ಹಿಡಿಯುವಂಥದು. ಅದನ್ನು ನೂರಕ್ಕೆ ಇಪ್ಪತ್ತರವರೆಗೆ ಬರಿದು ಮಾಡಿ, ಮನೆಯ ೧೫ ಆಂಪಿಯರಿನ ಪ್ಲಗ್ಗಿನಿಂದ ನೂರರವರೆಗೆ ತುಂಬಿಸಬೇಕು. ಒಳಗೆ ಹೋಗಬೇಕಾದ್ದು ೨೪ ಯೂನಿಟ್ಟು. ತುಂಬುವಾಗ ಶಾಖವಾಗಿ ಸೋರಿಹೋಗುವುದನ್ನು ಸೇರಿಸಿದರೆ ಗೋಡೆಯ ಮೀಟರು ಸುಮಾರು ೨೭ರಿಂದ ೨೮ ಯೂನಿಟ್ಟು ತೋರಿಸಬೇಕು. ೨೨ಕ್ಕೇ ತುಂಬಿಹೋಯಿತೆಂದರೆ ಸೇರಿನಲ್ಲಿ ಐದನೆಯ ಒಂದು ಪಾಲು ಸವೆದಿದೆಯೆಂದು ಅರ್ಥ. ಇದು ಚಿನ್ನ ತೂಗುವ ತಕ್ಕಡಿಯಷ್ಟು ನಿಖರವಲ್ಲ. ಆದರೂ ಮಲ್ಲಿಗೆಯ ಪರಿಮಳಕ್ಕೆ ಮರುಳಾಗದಷ್ಟು ನಿಖರ.

ಬಳಿಕ ಅವಳು ಕೇಳಿದ ಪ್ರಶ್ನೆ ನನ್ನ ಕಣ್ಣು ತೆರೆಸಿತು. “ಅಪ್ಪ, ನಮಗೆ ದಿನಕ್ಕೆ ಎಷ್ಟು ಕಿಲೋಮೀಟರು ಬೇಕು?” ಆಸ್ಪತ್ರೆಗೆ ಹೋಗಿಬರಲು ೨೪, ಶಾಲೆಗೆ ೧೬. ಮಳೆ, ಟ್ರಾಫಿಕ್ಕು, ಅಕಸ್ಮಾತ್ತುಗಳನ್ನು ಸೇರಿಸಿದರೂ ಅರವತ್ತನ್ನು ದಾಟದು. ಕಂಪನಿಯವರು ಆ ಕಾರಿಗೆ ೩೧೨ ಕಿಲೋಮೀಟರೆಂದು ಸಾರಿದ್ದರು. ರಸ್ತೆಯ ಮೇಲೆ ಹೊಸದೂ ಅಷ್ಟು ಓಡಲಿಲ್ಲವೆಂದು ಇಟ್ಟುಕೊಂಡವರೇ ಹೇಳುತ್ತಾರೆ, ಇನ್ನೂರರ ಆಚೀಚೆ. ಬ್ಯಾಟರಿ ಅರ್ಧಕ್ಕೆ ಇಳಿದರೂ ನಮ್ಮ ದಿನ ಸಾಗುತ್ತದೆ! ಹೀಗಿರುವಾಗ ನಾನು ಮೂರು ವಾರದಿಂದ ನೂರಕ್ಕೆ ನೂರರ ಬ್ಯಾಟರಿಯನ್ನೇ ಹುಡುಕುತ್ತ, ಸ್ವಲ್ಪ ಸವೆದಿದೆ ಎಂದು ನಿಜ ಹೇಳಿದ ಇಬ್ಬರನ್ನು ಬಿಟ್ಟು, ನೂರೆಂದು ಸುಳ್ಳು ಹೇಳಿದವನ ಅಂಗಡಿಗೆ ಹೋಗಿದ್ದೆ. ಸವೆದಿರಲಿ, ಎಷ್ಟು ಸವೆದಿದೆಯೆಂಬುದು ತಿಳಿದಿರಲಿ, ಬೆಲೆ ಅದಕ್ಕೆ ತಕ್ಕಂತಿರಲಿ. ಆ ದಿನದಿಂದ ನಮ್ಮ ಹುಡುಕಾಟದ ದಾರಿಯೇ ಬೇರೆಯಾಯಿತು.

ಈ ನಡುವೆ ಮನೆಯ ಕೆಳಗೆ ಪ್ಲಗ್ಗಿನ ಏರ್ಪಾಡು ಆಗಬೇಕಿತ್ತು. ನಮ್ಮದು ಇಪ್ಪತ್ತನಾಲ್ಕು ಮನೆಗಳ ವಸತಿ ಸಮುಚ್ಚಯ. “ನಿಮ್ಮ ಕಾರಿಗೆ ನಮ್ಮ ದೀಪದ ಬಿಲ್ಲೇ?” ಎಂದು ಸಂಘದ ಸಭೆಯಲ್ಲಿ ಕೇಳಿದವರುಂಟು. ಈಗಿರುವ ಮನೆಯ ಸಂಪರ್ಕದಿಂದಲೇ ವಾಹನಕ್ಕೆ ವಿದ್ಯುತ್ ತುಂಬಿಕೊಳ್ಳಬಹುದೆಂದು ಕೇಂದ್ರದ ವಿದ್ಯುತ್ ಸಚಿವಾಲಯವು ೨೦೨೨ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದೆ. ಅದರ ಪ್ರತಿಯನ್ನು ಮುಂದಿಟ್ಟು, ನಮ್ಮದೇ ಮೀಟರಿನಿಂದ ತಂತಿ ಎಳೆಸುವುದಾಗಿ ಬರೆದುಕೊಟ್ಟ ಮೇಲೆ ಒಪ್ಪಿದರು. ಕಾರು ಕೊಳ್ಳುವ ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಲೇಸು. ಹುಲ್ಲಿಗೆ ದಾರಿ ಮಾಡದೆ ಹಸು ತಂದವರ ಪಾಡು ಕಷ್ಟ.

ಮೈಸೂರಿನ ಮೇಷ್ಟರು

ಸೆಪ್ಟೆಂಬರ್ ಮೊದಲ ವಾರ, ಮನೆಯಾಕೆಯ ಸಹೋದ್ಯೋಗಿಯೊಬ್ಬರ ಮೂಲಕ ಸುದ್ದಿ ಬಂದಿತು: ಮೈಸೂರಿನ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ೨೦೨೧ರ ನೆಕ್ಸಾನ್ ಮಾರುತ್ತಿದ್ದಾರೆ. ಜಾಹೀರಾತು ಕೊಟ್ಟಿಲ್ಲ. ಒಳ್ಳೆಯ ಹಳೆಯ ಕಾರುಗಳು ಅಂಗಡಿಯವರೆಗೆ ಬರುವುದೇ ಅಪರೂಪವೆಂದು ಆಗಲೇ ನನಗೆ ಹೊಳೆದದ್ದು. ಫೋನು ಮಾಡಿ, ಬ್ಯಾಟರಿಯನ್ನು ಇಪ್ಪತ್ತಕ್ಕೆ ಇಳಿಸಿ ತುಂಬಿಸಿ ಮೀಟರು ನೋಡುವಿರಾ ಎಂದು ಸಂಕೋಚದಿಂದ ಕೇಳಿದೆ. ಆ ಕಡೆಯಿಂದ ನಗೆ ಕೇಳಿಸಿತು. “ಅದನ್ನು ನಾನು ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ ಸ್ವಾಮಿ. ಆದರೂ ನಿಮಗಾಗಿ ಮತ್ತೊಮ್ಮೆ ಮಾಡೋಣ.”

ಭಾನುವಾರ ರೈಲಿನಲ್ಲಿ ಹೋದೆವು. ಕುವೆಂಪುನಗರದ ಹಳೆಯ ಮನೆ, ಅಂಗಳದಲ್ಲಿ ಪಾರಿಜಾತ, ಅದರಡಿಯಲ್ಲಿ ನೀಲಿ ಕಾರು. ಬಾಗಿಲಿನಲ್ಲಿ ಒಂದು ಗೀರು ಇತ್ತು. ಹಿಂದಿನ ಬಂಪರಿನ ಮೂಲೆ ಒಡೆದಿತ್ತು. ಮೇಷ್ಟರು ಕಾರನ್ನು ತೋರಿಸುವ ಮೊದಲು ಒಂದು ಉದ್ದನೆಯ ನೋಟುಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು. ಕೊಂಡ ದಿನದಿಂದ ತುಂಬಿಸಿದ ಪ್ರತಿಯೊಂದು ಸಲದ ತಾರೀಖು, ಯೂನಿಟ್ಟು, ಓಡಿದ ದೂರ, ಅಂದಿನ ಹವೆ. ಕಡೆಯ ಸಾಲು ಹಿಂದಿನ ರಾತ್ರಿಯದು: ಇಪ್ಪತ್ತರಿಂದ ನೂರಕ್ಕೆ ೨೩.೬ ಯೂನಿಟ್ಟು. ಮಗಳು ಲೆಕ್ಕ ಹಾಕಿ, “ನೂರಕ್ಕೆ ಎಂಬತ್ತಾರು” ಎಂದಳು. ಮೇಷ್ಟರು ಅಂಗಿಯ ಜೇಬಿನಿಂದ ದುರಸ್ತಿ ಕೇಂದ್ರದ ಕಾಗದವನ್ನು ತೆಗೆದು ಅವಳ ಮುಂದೆ ಬಿಡಿಸಿದರು. ಅಲ್ಲಿದ್ದುದು ಎಂಬತ್ತೇಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಅಲ್ಲಿಂದ ಮುಂದಿನ ಮಾತೆಲ್ಲ ಅವರಿಬ್ಬರ ನಡುವೆಯೇ ನಡೆಯಿತು.

ಓಡಿದ್ದು ೫೨,೦೦೦ ಕಿಲೋಮೀಟರು, ಭರವಸೆ ೨೦೨೯ರವರೆಗೆ. ಸಾಲ ತೀರಿ ಬ್ಯಾಂಕಿನ ಹೆಸರು ನೋಂದಣಿ ಪತ್ರದಿಂದ ಹೋಗಿತ್ತು. ಇದನ್ನು ನೋಡದೆ ಹಣ ಕೊಡಬಾರದು. ಈಚಿನ ಕಾರುಗಳಲ್ಲಿ ಇನ್ನೂ ಒಂದು ತೊಡಕುಂಟು: ೨೦೨೪ರಲ್ಲಿ ಬಂದ ವಿಂಡ್ಸರಿನಂತಹವನ್ನು, ಬ್ಯಾಟರಿಯನ್ನು ಬಿಟ್ಟು ಕಾರನ್ನು ಮಾತ್ರ ಕೊಂಡು, ಬ್ಯಾಟರಿಗೆ ಕಿಲೋಮೀಟರಿಗಿಷ್ಟು ಎಂದು ಬಾಡಿಗೆ ತೆರುವ ಕ್ರಮದಲ್ಲಿಯೂ ಮಾರಿದ್ದಾರೆ. ಹಾಗೆ ಕೊಂಡವರು ಮಾರುವಾಗ ಬ್ಯಾಟರಿಯ ಬಾಕಿ ತೀರಿದೆಯೇ ಎಂದು ವಿಚಾರಿಸಬೇಕು. ಮೊದಲ ಒಡೆಯರಿಗೆ ಜೀವಾವಧಿ ಎಂದು ಸಾರಿದ ಭರವಸೆ ಎರಡನೆಯವರಿಗೆ ಎಂಟು ವರ್ಷಕ್ಕೆ ಇಳಿಯುವ ಕಾರುಗಳೂ ಇವೆ. ಇನ್ನು ೨೦೧೯ರ ಟಿಗೋರಿನಂತಹ ಮೊದಲಿನ ಕೆಲವು ಕಾರುಗಳಲ್ಲಿ ವೇಗದ ತುಂಬಿಕೆಯ ಬಾಯಿಯೇ ಬೇರೆ ಬಗೆಯದು. ಈಗಿನ ಹೆದ್ದಾರಿಯ ಯಂತ್ರಗಳು ಅದಕ್ಕೆ ಹೊಂದುವುದಿಲ್ಲ. ನಗರದೊಳಗೆ ಓಡಾಡುವವರಿಗೆ ಅದು ಕೊರತೆಯಲ್ಲ. ಊರಿಂದೂರಿಗೆ ಹೋಗುವವರಿಗೆ ದೊಡ್ಡ ಕೊರತೆ.

ಬೆಲೆ ಏಳು ಲಕ್ಷದ ನಲವತ್ತು ಸಾವಿರವೆಂದು ಮೊದಲೇ ಹೇಳಿದ್ದರು. ಕಾಫಿ ಕುಡಿಯುತ್ತಿದ್ದಾಗ ಫೋನು ಬಂದಿತು. ಬೆಂಗಳೂರಿನ ವ್ಯಾಪಾರಿಯೊಬ್ಬ. ಮೇಷ್ಟರು ಮಾತು ಮುಗಿಸಿ ನಮ್ಮ ಕಡೆ ತಿರುಗಿ, “ಆತ ನಲವತ್ತು ಸಾವಿರ ಹೆಚ್ಚು ಕೊಡುತ್ತಾನಂತೆ, ಕಾರನ್ನು ನೋಡದೆಯೇ” ಎಂದರು. ನನ್ನ ಎದೆ ಧಸಕ್ಕೆಂದಿತು. ಮತ್ತೆ ಅದೇ ಸಂತೆ, ಅದೇ ಆತುರ! ಮನೆಯಾಕೆ ಲೋಟವನ್ನು ಕೆಳಗಿಟ್ಟಳು. ಯಾರೂ ಮಾತನಾಡಲಿಲ್ಲ.

“ನಾನು ಪಿಂಚಣಿಯ ಮೇಲೆ ಬದುಕುವವನು, ಅಷ್ಟನ್ನೂ ಬಿಡುತ್ತೇನೆಂದರೆ ಸುಳ್ಳಾದೀತು. ಅರ್ಧ ನೀವು ಹೊರಿ, ಅರ್ಧ ನಾನು ಬಿಡುತ್ತೇನೆ. ಆತ ಇದನ್ನು ಯಾರಿಗೆ ಮಾರುತ್ತಾನೋ, ಮೀಟರನ್ನು ಏನು ಮಾಡುತ್ತಾನೋ” ಎಂದರು ಮೇಷ್ಟರು. ಏಕೆ ಮಾರುತ್ತಿದ್ದೀರೆಂದು ಆಗ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕಾರು ಚೆನ್ನಾಗಿದೆ. ಕಣ್ಣು ಹೋಗುತ್ತಿದೆ. ಹೋದ ತಿಂಗಳು ಆ ಗೀರು ಬಿದ್ದದ್ದು ಹಾಗೆ. ನಮ್ಮದೇ ಗೇಟು ನನಗೆ ಕಾಣಲಿಲ್ಲ.”

ಏಳು ಲಕ್ಷದ ಅರವತ್ತು ಸಾವಿರ. ಒಡೆತನದ ವರ್ಗಾವಣೆಗೆ ೨೯ ಮತ್ತು ೩೦ನೆಯ ನಮೂನೆಗಳಿಗೆ ಅಲ್ಲಿಯೇ ರುಜುವಾಯಿತು. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಮೇಷ್ಟರೇ ನೆನಪಿಸಿದರು. ಅಂಗಡಿಯಲ್ಲಿ ಕೊಂಡಿದ್ದರೆ ವ್ಯಾಪಾರಿಯ ಲಾಭದ ಮೇಲೆ ನೂರಕ್ಕೆ ಹದಿನೆಂಟರ ಸರಕು ಸೇವಾ ತೆರಿಗೆಯೂ ಬೆಲೆಯಲ್ಲಿ ಸೇರುತ್ತಿತ್ತು. ೨೦೨೪ರ ಡಿಸೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು ಹಳೆಯ ವಿದ್ಯುತ್ ಕಾರುಗಳಿಗೂ ಆ ದರವನ್ನು ಗೊತ್ತುಮಾಡಿತು. ಒಬ್ಬ ಗೃಹಸ್ಥನಿಂದ ಮತ್ತೊಬ್ಬ ಗೃಹಸ್ಥನು ಕೊಂಡರೆ ಅದಿಲ್ಲ. ತುಂಬಿಸುವ ತಂತಿಯನ್ನೂ ಗೋಡೆಯ ಚಿಕ್ಕ ಮೀಟರನ್ನೂ ಮೇಷ್ಟರು ಬಿಚ್ಚಿ ಕೊಟ್ಟರು. ಹೊರಡುವಾಗ ನೋಟುಪುಸ್ತಕವನ್ನು ಮಗಳ ಕೈಗಿತ್ತು, “ಇನ್ನೂ ನಲವತ್ತು ಹಾಳೆ ಉಳಿದಿವೆ” ಎಂದರು.

ಮೈಸೂರಿನಿಂದ ನಮ್ಮ ಮನೆಗೆ ಸುಮಾರು ೧೩೫ ಕಿಲೋಮೀಟರು. ಮೈಸೂರಿಗಿಂತ ಬೆಂಗಳೂರು ೧೫೦ ಮೀಟರಿನಷ್ಟು ಎತ್ತರದಲ್ಲಿದೆ. ಆ ಏರಿಕೆಗೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಬೇಕೆಂದು ಮಗಳು ಲೆಕ್ಕ ಹೇಳಿದಳು. ನನಗಾದರೋ ಅಷ್ಟೇ ಸಾ‍ಕಾಗಿ ನಡುದಾರಿಯಲ್ಲಿ ನಿಂತುಬಿಡುವ ಚಿತ್ರವೇ ಕಣ್ಮುಂದೆ. ನನ್ನ ಒತ್ತಾಯಕ್ಕೆ ಮದ್ದೂರಿನಲ್ಲಿ ಇಳಿದೆವು. ತುಂಬಿಸುವ ಯಂತ್ರಗಳು ಎರಡಿದ್ದವು. ಒಂದು ಕೆಟ್ಟಿತ್ತು, ಇನ್ನೊಂದರ ಮುಂದೆ ಕಾರೊಂದು ಕಾದು ನಿಂತಿತ್ತು. ವಡೆ ತಿನ್ನುತ್ತ ನಾವೂ ಕಾದೆವು. ನಮ್ಮ ಫಲಕದಲ್ಲಿ ಅರವತ್ತಾರು ಉಳಿದಿತ್ತು. ಮಗಳು ಮೇಷ್ಟರ ಪುಸ್ತಕ ತೆರೆದು, ಗಂಟೆಗೆ ಎಪ್ಪತ್ತರ ವೇಗದಲ್ಲಿ ಕಾರು ಎಷ್ಟು ಬೇಡುತ್ತದೆಂಬ ಸಾಲಿನ ಮೇಲೆ ಬೆರಳಿಟ್ಟಳು. “ಮನೆಗೆ ಇಪ್ಪತ್ತೆಂಟರಲ್ಲಿ ಸೇರುತ್ತೇವೆ ಅಪ್ಪ. ಹೊರಡೋಣ.” ಮನೆಯಾಕೆ ಆಗಲೇ ಕಾರಿನಲ್ಲಿ ಕುಳಿತಾಗಿತ್ತು. ದಾರಿಯುದ್ದಕ್ಕೂ ಫಲಕವನ್ನಲ್ಲದೆ ಬೇರೇನನ್ನೂ ನಾನು ನೋಡಲಿಲ್ಲ. ಬಿಡದಿ, ಕೆಂಗೇರಿ, ಕಡೆಗೆ ನಮ್ಮ ಗೇಟು. ಇಪ್ಪತ್ತೇಳು.

ಮರುದಿನ ಸೋಮವಾರ. ಐದೂಕಾಲಿಗೆ ತಾಯಿಯವರು ಬಾಗಿಲಿನ ಹಿಡಿಕೆ ಹಿಡಿದು, ತಾವಾಗಿಯೇ ಹತ್ತಿ ಕುಳಿತರು. ಕಾರು ಹೊರಟು ಬೀದಿಯ ತಿರುವು ದಾಟಿದ ಮೇಲೆ, “ಇನ್ನೂ ಚಾಲೂ ಮಾಡಿಲ್ಲವೇನೋ?” ಎಂದು ಕೇಳಿದರು. ಸದ್ದಿಲ್ಲದ ಕಾರು ಅವರಿಗೆ ಹೊಸದು. ಆರಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆಯ ಮೆಟ್ಟಿಲ ಬಳಿ ಇದ್ದೆವು. ಆ ರಾತ್ರಿ ಮೇಷ್ಟರ ಪುಸ್ತಕದಲ್ಲಿ, ಅವರ ದುಂಡಕ್ಷರದ ಕೆಳಗೆ ಮಗಳು ನಮ್ಮ ಮೊದಲ ಸಾಲನ್ನು ಬರೆದಳು: ಸೋಮವಾರ, ಜಯನಗರ, ಹೋಗಿಬರಲು ೨೪ ಕಿ.ಮೀ., ೩.೭ ಯೂನಿಟ್ಟು, ಸಣ್ಣ ಮಳೆ.